ಗೊಬ್ಬರ ಬಂದೈತಿ, ಬರಬ್ಯಾಡ್ರಿ

"ಮುಂದಿನ ಕೂಸು!"

ಶೀತಲ್ ತಲೆ ಎತ್ತದೆಯೇ ಕೂಗಿದಳು. ರಬಕವಿಯ ಆಸ್ಪತ್ರೆಯಲ್ಲಿ ಗುರುವಾರವೆಂದರೆ ಚುಚ್ಚುಮದ್ದಿನ ದಿನ. ಬೆಳಗಿನಿಂದ ಇಪ್ಪತ್ತಮೂರು ಕೂಸುಗಳು ಅತ್ತು ಹೋಗಿದ್ದವು. ಅವುಗಳ ಜೊತೆಗೆ ಮೂವರು ತಾಯಂದಿರೂ ಅತ್ತಿದ್ದರು. ನರ್ಸಮ್ಮನ ಕಿವಿ ಗುಂಯ್ ಎನ್ನುತ್ತಿತ್ತು.

ಎದುರಿನ ಸ್ಟೂಲಿನ ಮೇಲೆ ಯಾರೋ ಕೂತ ಸದ್ದಾಯಿತು.

"ಕೂಸಿನ ತೊಡಿ ಗಟ್ಟಿ ಹಿಡೀರಿ. ಒದ್ಯಾಡಿದ್ರ ಸೂಜಿ ಮುರೀತೈತಿ."

"ತೊಡಿ ಬ್ಯಾಡ್ರಿ ಬಾಯಾರ... ತೋಳಿಗೆ ಹಾಕ್ರಿ."

ಗಂಡಸಿನ ದನಿ!

ಶೀತಲ್ ಥಟ್ಟನೆ ತಲೆ ಎತ್ತಿದಳು. ಆರಡಿ ಎತ್ತರದ ಆಳು. ಮೂಗು, ಬಾಯಿ ಮುಚ್ಚಿದ ಹಸಿರು ಮಾಸ್ಕು. ಮಡಿಲಲ್ಲಿ ಕೂಸಿನ ಬದಲು ಒಂದು ನೀಲಿ ಐಸ್ ಡಬ್ಬಿ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳು ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಶಾಲೆಗೆ ಹೊಸದಾಗಿ ಸೇರಿದ ಹುಡುಗನಂತೆ ಓದುತ್ತಿದ್ದವು.

"ಕೂಸೆಲ್ಲಿ?" ಎಂದಳು.

"ನಾನ ರೀ ಕೂಸು."

ಹಿಂದೆ ನಿಂತ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ನಮ್ಮ ಶೀತಲ್‌ಳ ಸಿಟ್ಟಿಗೆ ಮೂಗಿನ ತುದಿಯೇ ಮನೆ. "ಏನ್ರೀ, ಚ್ಯಾಷ್ಟಿ ಮಾಡಾಕ ಬಂದೀರೇನು? ಇಲ್ಲಿ ಕೆಲಸಾ ಮಾಡಾಕತ್ತೀವಿ!"

ಅವನು ತನ್ನ ಲಸಿಕೆ ತಂದಿದ್ದ ಆ ಡಬ್ಬಿಯ ಮೇಲೆ ಒಂದು ಪತ್ರ ಇಟ್ಟ. ಮುಂಬಯಿಯ ದೊಡ್ಡಾಸ್ಪತ್ರೆಯದು. ಕೆಳಗೆ ಅವಳ ಡಾಕ್ಟರೇ 'ಹಾಕಬಹುದು' ಎಂದು ಬರೆದು ಸಹಿ ಮಾಡಿದ್ದರು. ಹೆಸರು ಗುರುಪಾದ, ವಯಸ್ಸು ಇಪ್ಪತ್ತೊಂಬತ್ತು. ರಕ್ತದ ಕ್ಯಾನ್ಸರ್. ಬೇರೊಬ್ಬರ ಕಣಗಳನ್ನು ಕೊಟ್ಟು ರೋಗವನ್ನು ಅಡಗಿಸಲಾಗಿದೆ. ಈಗ ಇವರ ಮೈಗೆ ಯಾವ ರೋಗವನ್ನು ತಡೆಯುವುದೂ ನೆನಪಿಲ್ಲ, ಆದ್ದರಿಂದ ಕೂಸಿಗೆ ಹಾಕುವ ಲಸಿಕೆಗಳನ್ನೆಲ್ಲ ಮತ್ತೆ ಮೊದಲಿನಿಂದ ಹಾಕಬೇಕು...

ಓದುತ್ತ ಓದುತ್ತ ಅವಳ ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತು.

"ಇವೆಲ್ಲಾ ಸಣ್ಣವಿದ್ದಾಗ ಹಾಕಿಸ್ಕೊಂಡಿರ್ತೀರಲ್ಲ?"

"ನಾ ಹಾಕಿಸ್ಕೊಂಡೀನ್ರಿ. ನನ್ನ ರಕ್ತ ಹಾಕಿಸ್ಕೊಂಡಿಲ್ಲ. ಅದು ಹೊಸಾದು... ಈಗಿನ್ನ ಹತ್ತು ತಿಂಗಳ ಕೂಸು."

ಶೀತಲ್‌ಗೆ ದಾರಿ ತಿಳಿಯದಿದ್ದಾಗ ಅವಳು ನಿಯಮ ಹಿಡಿದುಕೊಳ್ಳುತ್ತಾಳೆ. "ಕಾರ್ಡ್ ಇಲ್ಲದ ನಾ ಸೂಜಿ ಹಾಕೂದಿಲ್ಲ" ಎಂದು ಕಪಾಟು ತೆಗೆದಳು. ಅಲ್ಲಿದ್ದದ್ದು ಒಂದೇ ಬಗೆಯ ಕಾರ್ಡು, ಬಸುರಿ ಬಾಣಂತಿಯರಿಗೆ ಕೊಡುವ ತಾಯಿ ಕಾರ್ಡ್. ಇರಲಿ, ಅದೇ ಸರಿ!

"ಕೂಸಿನ ಹೆಸರು?"

"ಗುರುಪಾದ."

"ಹುಟ್ಟಿದ ದಿನ?"

"ಆಗಸ್ಟ್ ಹನ್ನೊಂದು, ಎರಡು ಸಾವಿರದ ಹದಿಮೂರು."

ಪೆನ್ನು ಒಂದು ಕ್ಷಣ ನಿಂತಿತು. ಹೋದ ವರ್ಷ! ಅವನು ನಗುತ್ತಿರಲಿಲ್ಲ. ಅವಳು ಬರೆದುಕೊಂಡಳು.

"ತಾಯಿ ಹೆಸರು?"

"ಪೂನಮ್ ಅಂತ ಬರೀರಿ. ನಮ್ಮ ಅಕ್ಕ. ನನ್ನ ಮೈಯಾಗ ಹರಿಯಾಕತ್ತಿದ್ದು ಆಕಿ ಕೊಟ್ಟಿದ್ದು."

ಅಷ್ಟರಲ್ಲಿ ಆಗಬಾರದ್ದು ಆಯಿತು. ಆಗ ತಾನೇ ಪೋಲಿಯೋ ಹನಿ ಹಾಕಿಸಿಕೊಂಡ ಕೂಸಿನ ತಾಯಿ ಚೀಲ ಹುಡುಕಲೆಂದು, "ಸ್ವಲ್ಪ ಹಿಡಿಯೋ ಯಪ್ಪಾ" ಎಂದು ಕೂಸನ್ನು ಅವನ ಮಡಿಲಿಗೆ ಇಡಲು ಹೋದಳು. ಅವನು ಹಾವು ತುಳಿದವನಂತೆ ಎದ್ದ. ಸ್ಟೂಲು ದಡಾರನೆ ಬಿತ್ತು!

"ಬ್ಯಾಡ! ಆ ಕೂಸಿನ್ನ ಅತ್ಲಾಗ ಒಯ್ರಿ!"

ಗೋಡೆಗೆ ಒರಗಿ ಎರಡೂ ಕೈ ಮೇಲೆತ್ತಿ ನಿಂತಿದ್ದ. ಆ ತಾಯಿಯ ಮುಖ ಸಪ್ಪಗಾಯಿತು. ಕೂಸು ಕಿಟಾರನೆ ಕಿರುಚಿತು.

'ಎಂಥ ಮನಷ್ಯಾ ಇಂವ! ಕೂಸಿನ್ನ ಕಂಡ್ರ ಆಗದವಗ ಕೂಸಿನ ಕಾರ್ಡ್ ಬ್ಯಾರೆ...' ಎಂದುಕೊಂಡಳು ಶೀತಲ್. ಸೂಜಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಚುಚ್ಚಿದಳು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

* * *

ಮುಂದಿನ ತಿಂಗಳು ಅವನು ಬಂದಾಗ ಒಳಗೆ ಬರಲೇ ಇಲ್ಲ. ಕೂಸುಗಳೆಲ್ಲ ಹೋಗುವ ತನಕ ಹೊರಗೆ ಬಿಸಿಲಲ್ಲಿ ನಿಂತಿದ್ದು, ಕೊನೆಗೆ ಬಾಗಿಲಲ್ಲಿ ಕಾಣಿಸಿಕೊಂಡ.

"ಕೂಸಿನ ದ್ವೇಷಿಗಳು ಬಂದ್ರು" ಎಂದಳು ಶೀತಲ್, ಸಿರಿಂಜು ತುಂಬುತ್ತ.

"ದ್ವೇಷಾ ಅಲ್ರಿ ಬಾಯಾರ. ಹೆದರಿಕಿ." ಅವನು ಅಂಗಿಯ ತೋಳು ಮಡಚಿದ. "ನೀವು ಬಾಯಾಗ ಹಾಕೂ ಹನಿಯೊಳಗ ಜೀವಂತ ಪೋಲಿಯೋ ಇರತೈತಿ, ಬಲಾ ತಗದದ್ದು. ಕೂಸಿಗೆ ಅದು ಪಾಠ. ನನಗ ಅದ ರೋಗ ಆಗಬಹುದು. ಹನಿ ಹಾಕಿದ ಕೂಸಿನಿಂದ ಐದಾರು ವಾರ ದೂರ ಇರು ಅಂದಾರ."

ಶೀತಲ್‌ಳ ಕೈ ನಿಂತಿತು. ನಾಲ್ಕು ವರ್ಷದಿಂದ ಆ ಹನಿ ಹಾಕುತ್ತಿದ್ದವಳು ಅವಳೇ. ಅದರೊಳಗೆ ಏನಿದೆ ಎಂಬುದು ಪರೀಕ್ಷೆಗೆ ಓದಿದ ಪಾಠ. ಆದರೂ ಹೊಳೆದಿರಲಿಲ್ಲ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ತಪ್ಪು ತಿಳಕೊಂಡಿದ್ದೆ" ಎಂದಳು ಮೆಲ್ಲಗೆ.

"ಗೊತ್ತಾತ್ರಿ. ಮೂರು ದಿನ ತೋಳು ನೋಯ್ತು."

ಅವಳು ನಕ್ಕುಬಿಟ್ಟಳು. ಅಂದು ಸೂಜಿ ಹೋದದ್ದೇ ಅವನಿಗೆ ತಿಳಿಯಲಿಲ್ಲ.

ಆಮೇಲೆ ಪ್ರತಿ ಬಾರಿಯೂ ಅವನು ಕೊನೆಯ ಕೂಸಾದ. ಸೂಜಿಗೆ ಎರಡು ನಿಮಿಷ, ಮಾತಿಗೆ ಅರ್ಧ ತಾಸು. ಅವನ ಜೇಬಿನಲ್ಲಿ ಒಂದು ಸಣ್ಣ ನೋಟಬುಕ್ ಇರುತ್ತಿತ್ತು. ಅದರ ತುಂಬ ಪ್ರಶ್ನೆಗಳು! ಸೂಜಿಯ ದಿನವಲ್ಲದ ಗುರುವಾರವೂ ಹೊಸ ಪ್ರಶ್ನೆ ಹುಟ್ಟಿತೆಂದು ಬರತೊಡಗಿದ. ಅವಳೂ ಪ್ರಶ್ನೆ ಕಂಡರೆ ಬಿಡುವವಳಲ್ಲ.

"ಖರೆ ಹೇಳ್ರಿ... ಬ್ಯಾರೇದವರ ಕಣ ಒಳಗ ಹೋಗಿ ಏನ ಮಾಡಿದುವು?"

"ಮದಲ ಅಕ್ಕನ ಮೂಳಿಯೊಳಗಿನ ಬೀಜ ಕೊಟ್ರು. ನಾಕು ತಿಂಗಳಿಗೆ ರೋಗ ಮತ್ತ ತಲಿ ಎತ್ತಿತು. ಆವಾಗ ಆಕಿ ರಕ್ತದಾಗಿನ ಸಿಪಾಯಿ ಕಣ ಸೋಸಿ ನನ್ನೊಳಗ ಬಿಟ್ರು. ಅವು ರೋಗಾ ಹುಡುಕಿ ಹುಡುಕಿ ತಿಂದುವು."

"ನಿಮ್ಮನ್ನ ತಿನ್ನಲಿಲ್ಲ?"

"ಸ್ವಲ್ಪ ತಿಂದುವು." ಅಂಗಿಯ ತೋಳು ಸರಿಸಿ ತೋರಿಸಿದ. ಮೊಣಕೈ ಮೇಲಿನ ಚರ್ಮ ಅಲ್ಲಲ್ಲಿ ಬಿಳಿಚಿತ್ತು. "ಹೊಸಾ ಊರಿಗೆ ಬಂದ ಸಿಪಾಯಿ, ಕಳ್ಳ ಯಾರು ಸಾವಕಾರ ಯಾರು ಅಂತ ಗುರುತು ಹತ್ತೂತನಕ ಎಲ್ಲಾರಿಗೂ ಹೊಡೀತಾನ. ಈಗ ಹೊಂದ್ಯಾವ."

ಬಿಳಿಯ ಆ ಕಲೆಯ ಮೇಲೆ ಬೆರಳಿಡಬೇಕೆನಿಸಿತು ಅವಳಿಗೆ. ನರ್ಸಿನ ಬೆರಳಲ್ಲ ಅದು... ಅವಳು ಬೇಗ ಹತ್ತಿ ಡಬ್ಬಿ ಮುಚ್ಚಿದಳು.

ಗುರುಪಾದನ ಅಜ್ಜ ಬೀರೇಶ್ವರನ ಹೆಸರಲ್ಲಿ ಕುರಿ ಕಾಯುತ್ತಿದ್ದವರು. ಅಪ್ಪನ ಕಾಲಕ್ಕೆ ಮನೆಗೆ ಪವರ್‌ಲೂಮ್ ಬಂತು. ನೂಲಿನ ಧೂಳು ಆಗದು ಎಂದು ಡಾಕ್ಟರು ಹೇಳಿದ ಮೇಲೆ ಅವನು ಮಗ್ಗ ಬಿಟ್ಟು, ಸೀರೆಯ ಅಂಚಿನ ಹೂವಿಗೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವ ಕೆಲಸ ಹಿಡಿದಿದ್ದ. ಆ ಕಾರ್ಡು ಮಗ್ಗದ ಮೇಲೇರಿದರೆ, ಯಾವ ದಾರ ಎದ್ದರೆ ಯಾವ ಹೂ ಎಂಬುದು ಮಗ್ಗಕ್ಕೆ ತಿಳಿಯುತ್ತದೆ.

"ಅಂದ್ರ ನಿಮ್ಮ ಸೂಜಿನೂ ಹಂಗ ಏನ್ರಿ?" ಎಂದು ಒಮ್ಮೆ ಕೇಳಿದ. "ಹೊಸಾ ಮಗ್ಗಕ್ಕ ಒಂದೊಂದ ಕಾರ್ಡ್ ಏರಿಸಿ, ಇದು ಗಂಟಲಮಾರಿ, ಇದು ನಾಯಿಕೆಮ್ಮ ಅಂತ ಕಲಸೂದು?"

ಶೀತಲ್ ಬೆರಗಾಗಿ ನೋಡಿದಳು. ತರಬೇತಿಯಲ್ಲಿ ಯಾರೂ ಇಷ್ಟು ಚಂದ ಹೇಳಿರಲಿಲ್ಲ. "ಅದ ರೀ! ಹಂಗ!"

"ಹಂಗಿದ್ರ ಇದಕ್ಕ ಉತ್ರ ಹೇಳ್ರಿ. ನಮ್ಮಕ್ಕಗ ಹುಣಸಿಹಣ್ಣು ಅಂದ್ರ ಪ್ರಾಣ. ನನಗ ಸೇರತಿರಲಿಲ್ಲ. ಈಗ ನೆನಸಿದ್ರ ಬಾಯಾಗ ನೀರು ಬರತಾವ. ಯಾಕ?"

"ಗೊತ್ತಿಲ್ಲ."

"ಮುಂಬಯಿ ಡಾಕ್ಟರಿಗೂ ಗೊತ್ತಿಲ್ಲ" ಎಂದು ಸಂತೋಷದಿಂದ ನೋಟಬುಕ್ಕಿನಲ್ಲಿ ಗುರುತು ಹಾಕಿದ.

ಕಾರ್ಡಿನ ಚೌಕಗಳು ಒಂದೊಂದಾಗಿ ತುಂಬಿದವು. ಕೊನೆಗೆ ಒಂದೇ ಉಳಿಯಿತು.

"ಗೊಬ್ಬರದ ಸೂಜಿ ಯಾವಾಗ?" ಎಂದಳು ಒಂದು ದಿನ.

ಗೊಬ್ಬರ ಎಂದರೆ ಹೊಲಕ್ಕೆ ಹಾಕುವುದಷ್ಟೇ ಎಂದುಕೊಂಡ ಓದುಗರಿಗೆ ಒಂದು ಮಾತು. ಬೇರೆ ಕಡೆ ದಡಾರ ಎನ್ನುವ ರೋಗಕ್ಕೆ ನಮ್ಮ ಕಡೆಯ ಹೆಸರೂ ಗೊಬ್ಬರವೇ. ಕೂಸುಗಳಿಗೆ ಜ್ವರ ಬಂದು, ಕಣ್ಣು ಕೆಂಪಾಗಿ, ಮೈತುಂಬ ಕೆಂಪು ಗುಳ್ಳೆ ಏಳುತ್ತವಲ್ಲ, ಅದು. ಇದನ್ನು ನೆನಪಿಡಿ. ಮುಂದೆ ಒಬ್ಬ ಮಹಾನುಭಾವ ಇದನ್ನೇ ಮರೆಯಲಿದ್ದಾನೆ.

"ಅದು ಕಟ್ಟಕಡೀಕ" ಎಂದ ಗುರುಪಾದ. "ಅದರಾಗೂ ಜೀವಂತ ಇರತೈತಿ. ಎರಡು ವರ್ಷ ತುಂಬಬೇಕು, ಮುಂಬಯಿಯಾಗ ರಕ್ತಾ ನೋಡಿ ಹೂಂ ಅನಬೇಕು. ಐದು ವರ್ಷದವ ಇದ್ದಾಗ ನನಗ ಗೊಬ್ಬರ ಎದ್ದಿತ್ತಂತ. ಈ ರಕ್ತಕ್ಕ ಅದು ನೆನಪಿಲ್ಲ. ಗೊಬ್ಬರ ಬಂದ ಮನಿ ಹೊಸ್ತಿಲಾ ತುಳೀಬ್ಯಾಡ ಅಂದಾರ. ಈಗ ಬಂದ್ರ... ನಾ ಉಳಿಯೂದು ಕಷ್ಟ."

ಕೊನೆಯ ಮಾತನ್ನು ಅವನು ಹಗುರಾಗಿ ಆಡಿದ. ಅವಳು ಮಾತ್ರ ಕಾರ್ಡಿನ ಆ ಖಾಲಿ ಚೌಕದ ಮೇಲೆ ಬೆರಳು ಒತ್ತಿ ಹಿಡಿದಳು. ಆ ಕ್ಷಣವೇ ಅವಳಿಗೆ ತನ್ನ ಮನಸ್ಸು ತಿಳಿದದ್ದು.

* * *

ಎರಡು ಸಾವಿರದ ಹದಿನೈದರ ಫೆಬ್ರವರಿ ಕೊನೆಯ ಗುರುವಾರ ಅವನು ನೋಟಬುಕ್ ತೆಗೆಯಲೇ ಇಲ್ಲ.

"ಬಾಯಾರ... ಒಂದು ಪ್ರಶ್ನಿ. ಇದಕ್ಕ ಡಾಕ್ಟರ ಉತ್ರ ಕೊಡೂದಿಲ್ಲ."

"ಕೇಳ್ರಿ."

"ನಿಮ್ಮ ಮನಿಗೆ ಹೆಣ್ಣು ನೋಡಾಕ ಬಂದ್ರ... ನಡೀತೈತೇನು?"

ಶೀತಲ್ ಟೇಬಲ್ ಒರೆಸತೊಡಗಿದಳು. ಅದು ಆಗಲೇ ಚೊಕ್ಕಟವಾಗಿತ್ತು.

"ಅದಕ್ಕ ಮದಲ ಒಂದು ಮಾತು ಹೇಳಬೇಕು" ಎಂದ ಅವನು, ದನಿ ತಗ್ಗಿಸಿ. "ಆ ರೋಗದ ಔಷಧದಿಂದ... ನನಗ ಮಕ್ಕಳಾಗೂದು ಕಷ್ಟ ಅಂದಾರ. ವಿಚಾರ ಮಾಡಿ ಹೇಳ್ರಿ. ಗಡಬಡಿ ಇಲ್ಲ."

ಅವಳು ತಲೆ ಎತ್ತಲಿಲ್ಲ. "ಬರೂ ಐತಾರ ಬರ್ರಿ" ಎಂದಷ್ಟೇ ಅಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಆದರೆ ಮಕ್ಕಳ ಮಾತಿಗೆ ಅವಳು ಉತ್ತರ ಕೊಡಲಿಲ್ಲ. ಅದು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಸಮೀರವಾಡಿಯ ಹತ್ತಿರದ ತೋಟದ ಮನೆಯಲ್ಲಿ ಶೀತಲ್‌ಳ ಅಪ್ಪ ಕಾಮಣ್ಣ ಬೇಗನೆ ಒಪ್ಪಿದ. ಹುಡುಗ ಒಳ್ಳೆಯವ, ನಮ್ಮದೇ ಬೀರೇಶ್ವರನ ಒಕ್ಕಲು. ತಕರಾರು ಬಂದದ್ದು ಅಜ್ಜಿ ಹಣಮವ್ವನಿಂದ.

"ಅಕ್ಕನ ರಕ್ತ ಅಂತಿ. ಅಂದ್ರ ಹೆಣ್ಣಿನ ರಕ್ತ! ಅಂವ ಗಂಡಸೋ ಹೆಂಗಸೋ ಬೇ?"

"ಗಂಡಸ ಆಯಿ! ಮೀಸಿ ಅದಾವು!"

"ಮೀಸಿ ನಿನ್ನ ಸ್ವಾದರತ್ತಿಗೂ ಇದ್ದುವು" ಎಂದು ಅಜ್ಜಿ ಎಲೆ ಅಡಿಕೆ ಬಾಯಿಗಿಟ್ಟಳು. ಆದರೂ ಭಾನುವಾರಕ್ಕೆಂದು ಹೋಳಿಗೆಗೆ ಬೇಳೆ ಆರಿಸಿದ್ದು ಅವಳೇ.

ಶನಿವಾರ ಶೀತಲ್‌ಳ ಅಣ್ಣನ ಕೂಸಿಗೆ ಮೂರು ದಿನದ ನೆಗಡಿಯ ಮೇಲೆ ಜ್ವರ ಏರಿತು. ಭಾನುವಾರ ಬೆಳಿಗ್ಗೆ ಶೀತಲ್ ಅದರ ಮುಖ ಒರೆಸುತ್ತಿದ್ದಾಗ ಕಿವಿಯ ಹಿಂದೆ ಕಂಡವು... ಸಣ್ಣ ಸಣ್ಣ ಕೆಂಪು ಗುಳ್ಳೆ.

ಗೊಬ್ಬರ!

ಕೂಸಿಗೆ ಒಂಬತ್ತು ತಿಂಗಳು ತುಂಬಲು ಇನ್ನು ಹನ್ನೆರಡು ದಿನ. ಹನ್ನೆರಡೇ ದಿನ ತಡೆದಿದ್ದರೆ ಅವಳೇ ಸೂಜಿ ಹಾಕುತ್ತಿದ್ದಳು! ಊರ ಕೂಸುಗಳನ್ನೆಲ್ಲ ಕಾಯುವವಳ ಮನೆಯ ಕೂಸು... ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಕೂಸಿನ ಮೈ ಕೆಂಡವಾಗಿ, ಕೈಕಾಲು ಸೆಟೆದುಕೊಳ್ಳತೊಡಗಿದವು. ಅಣ್ಣ ಜೀಪು ತೆಗೆದ. ಅತ್ತಿಗೆಯ ಜೊತೆ ಏರಿ ಕೂತ ಶೀತಲ್‌ಗೆ ಆಗ ನೆನಪಾಯಿತು. ಇನ್ನು ಮೂರು ತಾಸಿಗೆ ಗುರುಪಾದ ಈ ಹೊಸ್ತಿಲು ತುಳಿಯುತ್ತಾನೆ!

"ಅಪ್ಪಾ! ಅವರಿಗೆ ಹೇಳಿ ಕಳಸು! ಮನ್ಯಾಗ ಗೊಬ್ಬರ ಬಂದೈತಿ, ಬರಬ್ಯಾಡ್ರಿ ಅನ್ನು!"

ಜೀಪು ಮುಧೋಳದ ದಾರಿ ಹಿಡಿಯಿತು.

ಈಗ ಧರೆಪ್ಪನ ಬಗ್ಗೆ ಹೇಳಲೇಬೇಕು. ಎರಡೂ ಮನೆಯ ನಡುವಿನ ಹಿರಿಯ ಅವನು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ನೇರವಾಗಿ ಬೇಡ ಎನ್ನಬಾರದು ಎಂದು ಕಾಮಣ್ಣ ಅವನಿಗೇ ಫೋನು ಮಾಡಿದ. "ಧರೆಪ್ಪಾ, ಮನ್ಯಾಗ ಗೊಬ್ಬರ ಬಂದೈತಿ, ಇವತ್ತ ಬರಬ್ಯಾಡ ಅಂತ ರಬಕವಿಗೆ ಹೇಳು" ಎಂದ. ಮಾತು ನೆಟ್ಟಗೇ ಇತ್ತು. ಆದರೆ ಧರೆಪ್ಪನದು ಮಹಾಲಿಂಗಪುರದಲ್ಲಿ ಗೊಬ್ಬರದ ಅಂಗಡಿ! ಕಬ್ಬು ಕಡಿದು ಮುಗಿದ ಕಾಲ, ಕುಳೆ ಕಬ್ಬಿಗೆ ಗೊಬ್ಬರ ಕೊಡುವ ಹೊತ್ತು. ಅವನ ಕಿವಿಗೆ ಆ ಮಾತು ಬೇರೆ ಹೇಗೆ ಕೇಳೀತು? 'ಹತ್ತು ವರ್ಷದ ಗಿರಾಕಿ, ನನ್ನ ಬಿಟ್ಟು ಬ್ಯಾರೇ ಅಂಗಡ್ಯಾಗ ತಂದಾನ!' ಎಂದು ಅವನಿಗೆ ಮೊದಲು ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ರಬಕವಿಗೆ ಫೋನು ಹಚ್ಚಿದ.

"ಗೊಬ್ಬರದ ಲೋಡ್ ಬಂದೈತಂತ. ಮನಿ ತುಂಬ ಚೀಲ ಇಳಸಾಕತ್ತಾರಂತ. ನಿಮ್ಮನ್ನ ಕುಂದರಸಾಕ ಜಾಗಾ ಇಲ್ಲಂತ. ಬರಬ್ಯಾಡ ಅಂದಾರ!"

ಬಾಯಿಂದ ಬಾಯಿಗೆ ಹೋದ ಮಾತಿಗೆ ರೆಕ್ಕೆ ಪುಕ್ಕ ಹುಟ್ಟುವುದೆಂದರೆ ಇದೇ. ಹೊಸ ಅಂಗಿ ತೊಟ್ಟು ನಿಂತಿದ್ದ ಗುರುಪಾದ ಅದರ ಗುಂಡಿ ಒಂದೊಂದಾಗಿ ಬಿಚ್ಚಿದ.

ಮುಧೋಳದ ಆಸ್ಪತ್ರೆಯಿಂದ ಶೀತಲ್ ಸೋಮವಾರ ನಾಲ್ಕು ಸಲ ಫೋನು ಮಾಡಿದಳು. ಅವನು ಎತ್ತಲಿಲ್ಲ. 'ಮೂರು ವಾರ ನಮ್ಮ ಕಡೆ ಬರಬ್ಯಾಡ್ರಿ. ಆಸ್ಪತ್ರಿಗೂ ಬರಬ್ಯಾಡ್ರಿ' ಎಂದು ಮೆಸೇಜ್ ಕಳಿಸಿದಳು. ಕಾರಣ ಧರೆಪ್ಪ ಹೇಳಿಯೇ ಇರುತ್ತಾನಲ್ಲ! ಅವನಿಗೆ ಆ ಮೆಸೇಜ್ ಹೇಗೆ ಕಂಡಿತೆಂಬುದು ಅವಳಿಗೆ ಹೇಗೆ ತಿಳಿಯಬೇಕು?

* * *

ಬುಧವಾರ ಕೂಸಿನ ಜ್ವರ ಇಳಿಯಿತು. ಮನೆಗೆ ಕರೆತಂದರು. ಮೈಮೇಲೆ ಗುಳ್ಳೆಗಳು ಇನ್ನೂ ಕೆಂಪಗೇ ಇದ್ದವು.

ಗುರುವಾರ ಹನ್ನೊಂದರ ಬಿಸಿಲು. ಶೀತಲ್ ಅಂಗಳದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ಕಬ್ಬಿನ ಬದುವಿನ ಮೇಲೆ ಮೋಟರ್‌ಸೈಕಲ್ ಸದ್ದು ಕೇಳಿ ತಿರುಗಿದಳು. ಹಸಿರು ಮಾಸ್ಕು!

"ಅಲ್ಲೇ ನಿಂದರ್ರಿ! ಒಂದ ಹೆಜ್ಜಿ ಮುಂದ ಇಡಬ್ಯಾಡ್ರಿ!"

ಅವಳ ಚೀರಾಟಕ್ಕೆ ಮರದ ಮೇಲಿನ ಹಕ್ಕಿ ಹಾರಿದವು. ಗುರುಪಾದ ಬೇವಿನ ಗಿಡದ ಹತ್ತಿರ, ಮೂವತ್ತು ಹೆಜ್ಜೆ ದೂರದಲ್ಲಿ ನಿಂತ. ಕೈಯಲ್ಲಿ ತಾಯಿ ಕಾರ್ಡ್ ಇತ್ತು.

"ಹೆದರಬ್ಯಾಡ್ರಿ. ಒಳಗ ಬರಾಕ ಬಂದಿಲ್ಲ. ಆಸ್ಪತ್ರಿಗೆ ಹೋಗಿದ್ದೆ, ರಜಾ ಅಂದ್ರು. ಇದನ್ನ ಕೊಟ್ಟು ಹೋಗ್ತೀನಿ."

"ಅಲ್ಲೇ ತಳಗ ಇಟ್ಟು ಹಿಂದ ಸರೀರಿ!"

ಅವನ ಹೆಗಲು ಕುಸಿದವು. "ಕೈಯಾಗ ಇಸ್ಕೊಳ್ಳಾಕೂ ಆಗವಲ್ದೇನ್ರಿ?"

ಶೀತಲ್ ಅವನ ಮಾತು ಕೇಳುತ್ತಲೇ ಇರಲಿಲ್ಲ. ಅವಳ ಕಣ್ಣು ಕಬ್ಬಿನ ಗರಿಗಳ ಮೇಲಿತ್ತು. ಅವು ಅವನ ಕಡೆಗೆ ಬಾಗುತ್ತಿದ್ದವು. ಗಾಳಿ ಮನೆಯಿಂದ ಅವನತ್ತ ಬೀಸುತ್ತಿತ್ತು! "ಬಾವಿ ಕಡೆ ಹೋಗ್ರಿ! ಆ ಕಡೆ! ಲಗೂನ!"

ಈಕೆಗೇನು ಹುಚ್ಚೇ? ಅವನು ಬಾವಿಯ ಕಡೆಗೆ ನಾಲ್ಕು ಹೆಜ್ಜೆ ಹೋಗಿ ನಿಂತ. ಎದೆಯೊಳಗೆ ಕಟ್ಟಿಟ್ಟದ್ದು ಒಡೆಯಿತು.

"ಮಕ್ಕಳ ಮಾತು ಹೇಳಿದ ಮ್ಯಾಲೆ ಮನಸು ತಿರುಗಿದ್ರ ನೆಟ್ಟಗ ಹೇಳಬೇಕಿತ್ತು! ನಾ ಏನ ಬಲವಂತ ಮಾಡ್ತಿದ್ನೇನು? ಗೊಬ್ಬರ 'ಬಂದೈತಿ' ಅಂತ ಸುಳ್ಳ ಯಾಕ ಹೇಳಿದ್ರಿ? ನೋಡ್ರಿ, ಅಂಗಳದಾಗ ಒಂದ ಚೀಲರ ಐತೇನು?"

"ಚೀಲ?"

"ಗೊಬ್ಬರದ ಚೀಲ! ಲೋಡ್ ಬಂದೈತಿ, ಕುಂದರಾಕ ಜಾಗಾ ಇಲ್ಲ ಅಂತ ಧರೆಪ್ಪ ಕಾಕಾ..."

ಶೀತಲ್ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ನಿಂತಳು. ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಎರಡೂ ಸೇರಿ ಗಂಟಲಲ್ಲಿ ಜಗಳವಾಡಿದವು.

"ಚೀಲದಾಗ ಇಲ್ರೀ ಗೊಬ್ಬರ! ಕೂಸಿನ ಮೈಮ್ಯಾಲೆ ಐತಿ!"

ಗುರುಪಾದನ ಕೈಯಿಂದ ಕಾರ್ಡ್ ಜಾರಿ ಬಿತ್ತು.

ಅವನು ಹಿಂದೆ ಸರಿದ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ... ಬಾವಿಯ ಆಚೆ ಮನೆಯ ಗಾಳಿ ತಾಕದ ಕಡೆ ನಿಂತು, ಜೇಬಿನಿಂದ ಫೋನು ತೆಗೆದ. ಅಂಗಳದ ಕಟ್ಟೆಯ ಮೇಲಿದ್ದ ಅವಳ ಫೋನು ರಿಂಗಾಯಿತು.

"ಹಲೋ" ಎಂದಳು, ಅವನನ್ನೇ ನೋಡುತ್ತ.

"ಅಂದ್ರ... ಬರಬ್ಯಾಡ್ರಿ ಅಂದಿದ್ದು..."

"ನೀವು ಬದುಕಲಿ ಅಂತ!" ಅವಳ ದನಿ ಒಡೆಯಿತು. "ನಿಮಗ ಏನರ ಆಗಿದ್ರ ನಾ ಇರತಿದ್ನೇನ್ರಿ? ಮನಸು ತಿರುಗಿದ್ರ ಬರ್ರಿ ಅಂತಿದ್ದೆ, ಹೋಳಿಗಿ ತಿನ್ನಿಸಿ ಕಳಿಸ್ತಿದ್ದೆ. ಮನಸ ಅಲ್ಲೇ ನಿಂತೈತಿ ಅಂತನ ಬರಬ್ಯಾಡ್ರಿ ಅಂದೆ!"

ಆ ಕಡೆ ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಮತ್ತ... ಮಕ್ಕಳ ಮಾತು?"

"ವಾರಕ್ಕ ನಲವತ್ತ ಕೂಸು ನನ್ನ ಕೈಯಾಗ ಅಳತಾವ. ನನಗ ಕೂಸಿನ ಬರ ಇಲ್ಲ. ಕಡೀಕ ಬಂದು ಪ್ರಶ್ನಿ ಕೇಳೂ ಕೂಸು ಒಂದ ಐತಿ... ಅದು ಬೇಕು ನನಗ."

ಬಾವಿಯ ಆಚೆ ನಿಂತ ಆರಡಿ ಆಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಬಾಗಿಲಲ್ಲಿ ಹಣಮವ್ವ ಯಾವಾಗಲೋ ಬಂದು ನಿಂತಿದ್ದಳು.

"ಅಂವ ಅಳಾಕತ್ತಾನೇನು ಬೇ?"

"ಹೂಂ ಆಯಿ."

"ಅಕ್ಕನ ರಕ್ತ ಅಲ್ಲ, ಕರುಳಿರೂ ರಕ್ತ ಅದು. ಕೈ ಬಿಡಬ್ಯಾಡ" ಎಂದು ಅಜ್ಜಿ ಒಳಗೆ ಹೋದಳು.

ಮುಂದಿನ ಇಪ್ಪತ್ತೊಂದು ದಿನ ಶೀತಲ್‌ಳ ಜೀವ ಕೈಯಲ್ಲೇ ಇತ್ತು. ಬಯಲಿನಲ್ಲಿ, ಅಷ್ಟು ದೂರದಲ್ಲಿ ನಿಂತಿದ್ದಕ್ಕೆ ಭಯ ಕಡಿಮೆ, ಆದರೂ ಕಣ್ಣಿಟ್ಟಿರಿ ಎಂದಿದ್ದರು ಡಾಕ್ಟರು. ದಿನಾ ಬೆಳಿಗ್ಗೆ ಏಳಕ್ಕೆ ಫೋನು.

"ಜ್ವರ?"

"ಇಲ್ಲ."

"ಕಣ್ಣು ಕೆಂಪ?"

"ಯಾರೋ ದಿನಾ ಲಗೂ ಎಬ್ಬಸ್ತಾರ. ಅದಕ್ಕ ಸ್ವಲ್ಪ."

ಒಂಬತ್ತನೆಯ ದಿನ ಮಾತ್ರ ಅವನು ತಮಾಷೆ ಮಾಡಲಿಲ್ಲ. "ಮೈ ಬಿಸಿ ಐತಿ... ನೂರರ ಮ್ಯಾಲೆ." ಅವಳು ಫೋನು ಹಿಡಿದೇ ಅಂಗಳಕ್ಕೆ ಬಂದು ಬೇವಿನ ಗಿಡದ ತನಕ ಹೆಜ್ಜೆ ಎಣಿಸಿದಳು. 'ನಾಕು ಹೆಜ್ಜಿ ಮುಂಚೆ ಕೂಗಿದ್ರ... ಗಾಳಿ ಮದಲ ನೋಡಿದ್ರ...' ಜಮಖಂಡಿಯಿಂದ ಅಕ್ಕ ಪೂನಮ್ ಓಡಿ ಬಂದಳು. ಮೂರು ದಿನ ರಕ್ತ ಪರೀಕ್ಷೆ, ಗಂಟಲ ಪರೀಕ್ಷೆ. ನಾಲ್ಕನೆಯ ದಿನ ಡಾಕ್ಟರು ನಕ್ಕರಂತೆ. ಬರೀ ನೆಗಡಿ! ಹೊಸ ರಕ್ತ ತನ್ನ ಮೊದಲ ನೆಗಡಿಯನ್ನು ಯಾರ ಸಹಾಯವೂ ಇಲ್ಲದೆ ತಾನೇ ಗೆದ್ದಿತ್ತು.

"ನಿಮ್ಮ ಕೂಸು ಪಾಸಾತ್ರಿ" ಎಂದ ಫೋನಿನಲ್ಲಿ, ಮೂಗು ಕಟ್ಟಿದ ದನಿಯಲ್ಲಿ. ಅಂದು ಅವಳು ಅತ್ತಷ್ಟು ಯಾವ ಕೂಸೂ ಆ ಆಸ್ಪತ್ರೆಯಲ್ಲಿ ಅತ್ತಿರಲಿಕ್ಕಿಲ್ಲ.

ಧರೆಪ್ಪನೇ ಮುಂದೆ ನಿಂತು ಮಾತುಕತೆ ಮುಗಿಸಿದ. ಮದುವೆ ದೀಪಾವಳಿ ಆದ ಮೇಲೆ ಎಂದಾಯಿತು. ಹೋಳಿಗೆ ಬಡಿಸುವಾಗ ಹಣಮವ್ವ, "ಸಾವಕಾಶ ಉಣ್ಣೋ ಧರೆಪ್ಪಾ, ಕುಂದರಾಕ ಜಾಗಾ ಐತಿ" ಎಂದಳು. ಪಾಪ, ಅವನು ತಲೆ ಎತ್ತಲಿಲ್ಲ.

* * *

ಸೆಪ್ಟೆಂಬರಿನ ಒಂದು ಗುರುವಾರ.

"ಮುಂದಿನ ಕೂಸು!"

ಸ್ಟೂಲಿನ ಮೇಲೆ ಯಾರೋ ಕೂತ ಸದ್ದು. ಶೀತಲ್ ತಲೆ ಎತ್ತಿದಳು. ಎತ್ತಿ... ಮೈಮರೆತು ನೋಡುತ್ತಲೇ ಇದ್ದಳು. ಮಾಸ್ಕು ಇರಲಿಲ್ಲ! ಅವನ ಬಲಗೆನ್ನೆಯಲ್ಲಿ ನಕ್ಕರೆ ಗುಳಿ ಬೀಳುತ್ತದೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

ಮುಂಬಯಿಯ ಕಾಗದ ಮುಂದಿಟ್ಟ. ಸಿಪಾಯಿಗಳ ಎಣಿಕೆ ಸರಿ. ರೋಗದ ಸುಳಿವಿಲ್ಲ. ಜೀವಂತ ಲಸಿಕೆ ಹಾಕಬಹುದು.

ಅವಳು ಗೊಬ್ಬರದ ಸೂಜಿ ತುಂಬಿದಳು.

"ಗೊಬ್ಬರ ಹಾಕ್ರಿ, ಬೆಳಿ ಬರಲಿ" ಎಂದ.

"ಸುಮ್ಮ ಕೂಡ್ರಿ!"

ಸೂಜಿ ಹೋಯಿತು, ಬಂತು. ಬೇವಿನ ಗಿಡದ ಕೆಳಗಿನ ಮಣ್ಣು ಇನ್ನೂ ಅಂಟಿದ್ದ ಆ ತಾಯಿ ಕಾರ್ಡಿನ ಕೊನೆಯ ಚೌಕದಲ್ಲಿ ಅವಳು ತಾರೀಖು ಬರೆದಳು.

ಹಿಂದಿನ ಬೆಂಚಿನಲ್ಲಿ ಅತ್ತಿಗೆಯ ಜೊತೆ ಅಣ್ಣನ ಕೂಸು ಕೂತಿತ್ತು. ಈಗ ಅದಕ್ಕೆ ಹೆಜ್ಜೆ ಬಂದಿತ್ತು. ತಪ್ಪಡಿ ಇಡುತ್ತ ಬಂದು ಗುರುಪಾದನ ಮೊಣಕಾಲು ಹಿಡಿದುಕೊಂಡಿತು. ಅವನು ಅಭ್ಯಾಸದಂತೆ ಬೆಚ್ಚಿ ಕೈ ಮೇಲೆತ್ತಿದ. ಆಮೇಲೆ ಶೀತಲ್‌ಳ ಮುಖ ನೋಡಿದ.

"ಇದಕ್ಕ ಹನಿ ಹಾಕಿ ಎಷ್ಟ ದಿನ ಆತು?"

"ನೂರಾ ಮೂರು. ಎಣಿಸೇ ಕರಸೀನಿ."

ಅವನು ಕೂಸನ್ನು ಎತ್ತಿಕೊಂಡ. ಎರಡು ವರ್ಷದಲ್ಲಿ ಅವನು ಮುಟ್ಟಿದ ಮೊದಲ ಕೂಸು ಅದು. ಹೇಗೆ ಹಿಡಿಯಬೇಕೆಂದು ತಿಳಿಯದೆ ಗಾಜಿನ ಸಾಮಾನಿನಂತೆ ಹಿಡಿದ. ಅದು ಅವನ ಮೂಗನ್ನೇ ಹಿಡಿದೆಳೆಯಿತು. ನಗುತ್ತಿದ್ದವನ ಕಣ್ಣು ತುಂಬಿದವು. ಶೀತಲ್ ಮುಖ ತಿರುಗಿಸಿ ಕಾರ್ಡ್ ಮಡಚಿದಳು.

"ಕಾರ್ಡ್ ತುಂಬಿತು. ಇನ್ನ ಗುರುವಾರ ಬರೂ ಕಾರಣ ಇಲ್ಲ ನಿಮಗ."

"ಬರಬ್ಯಾಡ ಅಂತೀರೇನು?"

ಆ ಮಾತು ಕೇಳಿ ಅವಳು ತಿರುಗಿದಳು. ಬಾವಿಯ ಆಚೆ ನಿಂತಿದ್ದ ಆ ಒಂಟಿ ಆಳು ಕಣ್ಣ ಮುಂದೆ ಬಂದ. ಬಿಳಿಚಿದ ಕಲೆಯ ಆ ತೋಳು ಈಗ ಕೈಗೆಟಕುವಷ್ಟೇ ದೂರದಲ್ಲಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

"ಇಲ್ಲ" ಎಂದಳು. "ಹತ್ತರ ಬರ್ರಿ."